ಒದರುವ ಪೆಟ್ಟಿಗೆಯೂ ನಮ್ಮವ್ವನೂ

ದೇವರು ಮನುಷ್ಯ ಅಳುವಂತೆ ಮಾಡುವಾಗ ನಗುವಿಗೂ ಒಂದು ಮೂಲೆ ಬಿಟ್ಟೇ ಇರುತ್ತಾನೆ. ನಮ್ಮ ಮನೆಯಲ್ಲಂತೂ ಇದು ಆಗುತ್ತಲೇ ಬಂದಿದೆ. ಬೆಟಗೇರಿಯ ನೇಕಾರರ ಓಣಿಯ ಹನುಮಪ್ಪನ ಗುಡಿಯ ಪೂಜೆ ನಮ್ಮ ಮನೆತನದ್ದು. ಕಣ್ಣೊರೆಸಿಕೊಳ್ಳುತ್ತ ಗುಡಿಗೆ ಬಂದವರು ತೀರ್ಥ ತೆಗೆದುಕೊಂಡು, ಏನೋ ನೆನಪಾಗಿ, ನಕ್ಕು ಮೆಟ್ಟಿಲಿಳಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೂ ಅವನ ಪ್ರಸಾದವೇ ಎಂದು ನನ್ನ ನಂಬಿಕೆ.

ಇಲ್ಲಿ ಬರೆದಿರುವುದು ಎಂಬತ್ತರ ದಶಕದ ಕೊನೆಯ ಮಾತು. ನನ್ನ ತಮ್ಮ ಗದಗಿನಲ್ಲಿ ಫಿಟ್ಟರ್ ಕೆಲಸ ಕಲಿತು, ಮುಂಬಯಿಗೆ ಹೋಗಿ, ಸರಕಿನ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದ. ನಮ್ಮ ಮೂಲ ಲಕ್ಷ್ಮೇಶ್ವರ. ಅಲ್ಲಿಂದ ಇಲ್ಲಿತನಕ ನಮ್ಮ ವಂಶದಲ್ಲಿ ತುಂಗಭದ್ರೆಗಿಂತ ದೊಡ್ಡ ನೀರನ್ನು ಕಂಡವರು ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹನುಮಪ್ಪನ ಮೇಲೆ ಭಾರ ಹಾಕಿ ನಮ್ಮಿಬ್ಬರನ್ನೂ ಬೆಳೆಸಿದ ಅವ್ವನಿಗೆ ಒಂದೇ ಒಂದು ಚಿಂತೆ ಗಂಟುಬಿದ್ದಿತ್ತು. ನಡುಸಮುದ್ರದಲ್ಲಿ ಮಗ ನೀರಿಗೆ ಬಿದ್ದು ಕೂಗಿದರೆ ಆ ಕೂಗು ಯಾರಿಗೆ ಕೇಳುತ್ತದೆ? ಕೇಳಿದರೂ, ಯಾರ ಮಗನೋ ಏನೋ ಎಂದು ಸುಮ್ಮನಾಗದೆ ಯಾರು ಬರುತ್ತಾರೆ?

ಮುಂದಿನದೆಲ್ಲ ಈ ಒಂದು ಚಿಂತೆಯ ಸುತ್ತಲೇ ನಡೆದದ್ದು.

ಮೇಲಿನ ಪೂಜಾರಿ

ಒಂದು ಸಲ ರಜೆಗೆ ಬಂದ ತಮ್ಮ ಗುಡಿಯ ಕಟ್ಟೆಯ ಮೇಲೆ ಕೂತು ಹೊಸ ಸುದ್ದಿ ಹೇಳಿದ. ಕೇಳುವುದಕ್ಕೆ ಅವ್ವ, ನಾನು, ಮತ್ತು ಎದುರುಮನೆಯ ಅತ್ತರಿನ ಸಾಹೇಬರು. ಸಾಹೇಬರಿಗೆ ಪೇಟೆಯಲ್ಲಿ ಅತ್ತರು, ಊದುಬತ್ತಿಯ ಅಂಗಡಿ. ನಮ್ಮಪ್ಪನ ಗೆಳೆಯರು. ನಮ್ಮ ಹನುಮಪ್ಪನಿಗೆ ಊದುಬತ್ತಿ ಹೋಗುತ್ತಿದ್ದದ್ದು ಅವರ ಅಂಗಡಿಯಿಂದಲೇ. ಒಂದು ಹೊತ್ತಿನ ನಮಾಜು ತಪ್ಪಿಸಿದವರಲ್ಲ, ಒಂದು ಹೊತ್ತಿನ ಚೇಷ್ಟೆಯನ್ನೂ ತಪ್ಪಿಸಿದವರಲ್ಲ.

ತಮ್ಮ ಹೇಳಿದ್ದು ಇಷ್ಟು. ಅವರ ಹಡಗಿನಲ್ಲಿ ಈಗ ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಪೆಟ್ಟಿಗೆ ಕೊಟ್ಟಿದ್ದಾರೆ. ಕಿತ್ತಳೆ ಬಣ್ಣದ್ದು, ಮುಷ್ಟಿಯಲ್ಲಿ ಹಿಡಿಯುವಷ್ಟು. ಮೇಲೊಂದು ಏರಿಯಲ್ ಕಡ್ಡಿ, ಒಂದು ಕಿರುದೀಪ. ನೀರಿಗೆ ಬಿದ್ದಾಗ ತೇಲಿಸುವ ಅಂಗಿಗೆ ಅದನ್ನು ಕಟ್ಟಿಕೊಂಡಿರಬೇಕು.

"ನೀರಾಗ ಬಿದ್ದ ಕೂಡ್ಲೆ ಅದು ಒದರಾಕ ಹತ್ತತೈತಿ," ಎಂದ.

ಅವ್ವ ಕಿವಿಯ ಹತ್ತಿರ ಸೆರಗು ಸರಿಸಿದಳು. "ಯಾರಿಗೆ ಕೇಳತೈತೋ?"

"ನಮ್ಮ ಕಿವಿಗೆ ಕೇಳಂಗಿಲ್ಲವ್ವಾ. ರೇಡಿಯೋದ ಕೂಗು ಅದು. ಆಕಾಶದಾಗ ಉಪಗ್ರಹ ಅಂತ ತಿರಗತಿರತಾವ. ಅವಕ್ಕ ಕೇಳತೈತಿ. ಹಾದು ಹೋಗೋ ವಿಮಾನಕ್ಕೂ ಕೇಳತೈತಿ."

"ಕೇಳಿ ಅವು ಏನ ಮಾಡತಾವ? ಇಳದ ಬರತಾವೇನು?"

"ಇಲ್ಲವ್ವಾ. ಇಂಥಾ ಕಡೆ ಒಬ್ಬ ಮುಳಗಾಕ ಹತ್ಯಾನ ಅಂತ ನೆಲದ ಮ್ಯಾಗಿನ ಕಚೇರಿಗೆ ಹೇಳತಾವ. ಕಚೇರಿಯವ್ರು ಹತ್ತರ ಇರೋ ಹಡಗಕ್ಕ ಹೇಳತಾರ. ಅವ್ರು ಬಂದು ಎತ್ತಿಕೋತಾರ."

ಅವ್ವ ಹೂವು ಕಟ್ಟುವುದನ್ನು ಬಿಟ್ಟು ಬೆರಳು ಮಡಿಸಿ ಲೆಕ್ಕ ಹಾಕಿದಳು. ಕಡೆಗೆ ಹೇಳಿದಳು: "ಅಂದ್ರ ಮುಳಗಾವ ಪೆಟಿಗಿ ಮುಂದ ಹೇಳಿಕೊಳ್ಳೋದು, ಪೆಟಿಗಿ ಉಪಗ್ರಹದ ಮುಂದ ಹೇಳೋದು, ಅದು ಉಳಿಸಾವ್ರ ಮುಂದ ಹೇಳೋದು. ಮ್ಯಾಲೂ ಒಬ್ಬ ಪೂಜಾರಿನ್ನ ಇಟ್ಟಾರ ಅನ್ನು."

ನನಗೆ ಮಾತು ಬಹಳ ಹಿಡಿಸಿತು. ಭಕ್ತರ ಕಷ್ಟವನ್ನು ಹನುಮಪ್ಪನಿಗೆ ಮುಟ್ಟಿಸುವ ನನ್ನ ಕೆಲಸವನ್ನು ಅಷ್ಟು ಎತ್ತರದಲ್ಲಿ ಯಾರೂ ಇಟ್ಟಿರಲಿಲ್ಲ.

ಸಾಹೇಬರು ಗಡ್ಡ ನೀವಿಕೊಂಡರು. "ಖರೆ ಮಾತು ಅವ್ವಾರ. ಆದ್ರ ನಮ್ಮ ಪೂಜಾರಪ್ಪಗೂ ಅದಕ್ಕೂ ಒಂದ ಫರಕ್ ಐತಿ. ಅದು ಮಧ್ಯಾಹ್ನ ಊಟ ಮಾಡಿ ಬಾಗಲಾ ಹಾಕ್ಕೊಂಡು ಮಲಗಂಗಿಲ್ಲ."

ಮುಂಡರಗಿ ಮಾವನ ಎಮ್ಮೆ

ಸುದ್ದಿ ಮುಂಡರಗಿಗೆ ಹೋಗುವುದಕ್ಕೆ ತಡವಾಗಲಿಲ್ಲ. ನಮ್ಮ ಸೋದರಮಾವ ಮೊದಲನೇ ಬಸ್ಸಿಗೇ ಬಂದಿಳಿದ. ಅವನ ಹತ್ತಿರ ಒಂದು ಎಮ್ಮೆ ಇತ್ತು. ಹಾಲಿಗೆ ಬಂಗಾರ, ನಡತೆಗೆ ಭೂತ. ಮೇಯಲು ಬಿಟ್ಟರೆ ಕಪ್ಪತಗುಡ್ಡದ ಯಾವ ಸಂದಿಯಲ್ಲಿ ನಿಂತಿರುತ್ತದೋ ದೇವರೇ ಬಲ್ಲ.

"ಅಳಿಯಾ, ಅಂಥಾದು ಒಂದ ಪೆಟಿಗಿ ನನಗ ತಂದ ಕೊಡು," ಎಂದ. "ಎಮ್ಮಿ ಕೊರಳಿಗೆ ಕಟ್ಟತೀನಿ."

ತಮ್ಮ ತಾಳ್ಮೆಯಿಂದ ವಿವರಿಸಿದ. "ಮಾವಾ, ಅದು ಜೀವಕ್ಕ ಕುತ್ತು ಬಂದಾಗ ಅಷ್ಟ ಒದರಬೇಕು. ಆಟದ ಸಾಮಾನ ಅಲ್ಲದು. ಸುಮ್ಮ ಸುಮ್ಮನ ಒದರಿದ್ರ, ಖರೇನ ಮುಳಗಾವನ್ನ ಬಿಟ್ಟು ಮಂದಿ ಇಲ್ಲಿಗೆ ಬರತಾರ."

"ಎಷ್ಟ ಮಂದಿ ಬರತಾರ?"

"ವಿಮಾನದಾಗ ಬರತಾರ, ಜೀಪಿನ್ಯಾಗ ಬರತಾರ. ಪೊಲೀಸರೂ ಬರತಾರ."

ಮಾವ ಹೆದರಿಕೊಂಡಾನು ಎಂದು ತಮ್ಮ ಅಂದುಕೊಂಡಿದ್ದ. ಮಾವನ ಮುಖ ಅರಳಿತು.

"ಬರಲಿ ಬಿಡೋ. ಆ ಎಮ್ಮಿ ಸಿಕ್ಕ ಮ್ಯಾಲ ಅದನ್ನ ಹಿಡಿಯಾಕೂ ಅಷ್ಟ ಮಂದಿ ಬೇಕು."

ಎರಡೂ ದಂಡೆ ತೆಗೆದ ಕೆರೆ

ಹೊರಡುವ ಮೊದಲು ತಮ್ಮ ಚಿಗವ್ವನಿಗೆ ನಮಸ್ಕಾರ ಮಾಡಿ ಬರಬೇಕೆಂದ. ಚಿಗವ್ವ ಎಂದರೆ ನಮ್ಮವ್ವನ ತಂಗಿ, ಶಿರಹಟ್ಟಿಯಲ್ಲಿರುತ್ತಿದ್ದಳು. ಅವ್ವನೂ ನಾನೂ ಜೊತೆಗೆ ಹೊರಟೆವು. ಚಳಿಗಾಲದ ಬೆಳಗು. ಬಸ್ಸು ಮಾಗಡಿ ದಾಟುವಾಗ ಅವ್ವ ಇದ್ದಕ್ಕಿದ್ದಂತೆ, "ಇಳಿಯೋಣು. ನನಗ ಸಮುದ್ರ ಹೆಂಗಿರತೈತಿ ಅಂತ ಈ ಕೆರಿ ದಂಡಿ ಮ್ಯಾಲ ನಿಂತು ಹೇಳು," ಎಂದಳು.

ಕೆರೆಯಲ್ಲಿ ಆ ತಿಂಗಳುಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಹೆಬ್ಬಾತುಗಳು ತುಂಬಿರುತ್ತವೆ. ಬಿಸಿಲು ಇನ್ನೂ ಎಳೆಯದು. ನೀರು ಅಲುಗದೆ ಮಲಗಿತ್ತು.

"ಇಷ್ಟ ದೊಡ್ಡದ ಇರತೈತೇನು?"

"ಆ ಕಡೆ ದಂಡಿ ಕಾಣತೈತಿಲ್ಲವ್ವಾ, ಅದನ್ನ ತಗದ ಬಿಡು. ನಾವು ನಿಂತ ದಂಡಿನೂ ತಗದ ಬಿಡು. ಉಳದದ್ದು ಸಮುದ್ರ."

ಅವ್ವ ಕಣ್ಣು ಮುಚ್ಚಿ ಎರಡೂ ದಂಡೆ ತೆಗೆದು ನೋಡಿದಳೆಂದು ಕಾಣುತ್ತದೆ. "ಎರಡೂ ದಂಡಿ ತಗದ್ರ ನೀರು ಹರಕೊಂಡ ಹೋಗಂಗಿಲ್ಲೇನೋ ಹುಚ್ಚಾ?"

ಆ ನೀರನ್ನು ನಿಲ್ಲಿಸಿದವ ಒಬ್ಬನಿದ್ದಾನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅಷ್ಟರಲ್ಲಿ ಹೆಬ್ಬಾತುಗಳ ಹಿಂಡೊಂದು ನೀರಿನಿಂದ ಎದ್ದು ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿತು. ಅವ್ವ ಕತ್ತೆತ್ತಿ ನೋಡುತ್ತಲೇ ಇದ್ದಳು.

"ಇವು ಎಲ್ಲಿಂದ ಬರತಾವ?"

"ಹಿಮಾಲಯದ ಆಚಿಂದ ಅಂತಾರವ್ವಾ."

"ದಾರಿ ಯಾರ ತೋರಸತಾರ?"

"ಯಾರೂ ಇಲ್ಲ."

ಅವ್ವ ಕೈ ಮುಗಿದಳು. ಕಣ್ಣಂಚಿನಲ್ಲಿ ನೀರಿತ್ತು. "ಯಾರೂ ಇಲ್ಲ ಅನಬ್ಯಾಡ. ಪೆಟಿಗಿ ಇಲ್ಲಾ, ಗಿಟಿಗಿ ಇಲ್ಲಾ, ಇವನ್ನ ಅಲ್ಲಿಂದ ಇಲ್ಲಿತನಕ ಅವನ ಕರಕೊಂಡ ಬಂದಾನ. ನಿನ್ನನ್ನೂ ಮನಿಗೆ ಅವನ ಕರಕೊಂಡ ಬರತಾನ. ನನಗೇನೂ ಕಾಳಜಿ ಇಲ್ಲ."

ನಾವು ಮೂವರೂ ಬಸ್ಸಿನ ದಾರಿಗೆ ತಿರುಗಿದೆವು. ನಾಲ್ಕು ಹೆಜ್ಜೆ ಹಾಕಿದವಳು ನಿಂತು, ಮಗನ ತೋಳು ಹಿಡಿದು ಮೆಲ್ಲಗೆ ಹೇಳಿದಳು:

"ಆದ್ರೂ ಆ ಪೆಟಿಗಿ ಮಾತ್ರ ಮರಿಬ್ಯಾಡ."

ಬರಿದಲೆಯ ಗುಮಾಸ್ತ

ಮುಂದಿನ ಮಳೆಗಾಲದಲ್ಲಿ ಸುದ್ದಿ ಬಂತು. ನಮ್ಮ ಓಣಿಗೆ ಫೋನಿರಲಿಲ್ಲ. ಗದಗಿನ ಹತ್ತಿ ಪೇಟೆಯ ದಲಾಲಿ ಅಂಗಡಿಯೊಂದರ ನಂಬರನ್ನು ತಮ್ಮ ಕಂಪನಿಗೆ ಕೊಟ್ಟಿದ್ದ. ಅಂಗಡಿಯ ಗುಮಾಸ್ತ ಬಂದು ಗುಡಿಯ ಮುಂದೆ ನಿಂತು, ನನ್ನ ಮುಖ ನೋಡದೆ, ಹೇಳಿದ: "ಹಡಗ ಮುಳಗೇತಂತ್ರಿ. ಮಂದಿನ್ನ ಹುಡಕಾಕ ಹತ್ಯಾರಂತ."

ಓಣಿಯಲ್ಲಿ ಒಂದಾದ ಮೇಲೊಂದು ಮಗ್ಗ ನಿಂತವು. ಹುಟ್ಟಿದಂದಿನಿಂದ ಕೇಳಿದ ಸದ್ದು ಅದು. ನಿಂತಾಗಲೇ ಅದು ಎಷ್ಟು ದೊಡ್ಡದಿತ್ತೆಂದು ತಿಳಿಯಿತು.

ಅವ್ವ ಹನುಮಪ್ಪನ ಮುಂದೆ ಕೂತುಬಿಟ್ಟಳು. ಎದುರುಮನೆಯಲ್ಲಿ ಸಾಹೇಬರು ಅಂಗಡಿಗೆ ಹೋಗದೆ ಚಾಪೆ ಹಾಸಿ ಕೂತರು. ಶಿರಹಟ್ಟಿಯಿಂದ ಚಿಗವ್ವ ಬಂದಳು. ಸತ್ತವರ ಗುಣಗಳನ್ನು ಒಂದೊಂದಾಗಿ ಹೇಳಿ ಹಾಡಿ ಅಳುವುದರಲ್ಲಿ ಚಿಗವ್ವನನ್ನು ಮೀರಿಸಿದವರು ಆ ಸೀಮೆಯಲ್ಲಿಲ್ಲ. ದೂರದ ಹಳ್ಳಿಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು. ಬಂದವಳು ಹೊಸ್ತಿಲಲ್ಲೇ ಸೆರಗು ಬಾಯಿಗಿಟ್ಟಳು.

ಅವ್ವ ತಿರುಗಿ ನೋಡಿ ಒಂದೇ ಮಾತು ಹೇಳಿದಳು. "ಖಬರ ಬರೋತನಕ ಈ ಮನ್ಯಾಗ ಯಾರೂ ಅಳಬಾರದು."

ಚಿಗವ್ವ ಸೆರಗು ಇಳಿಸಿದಳು. ಆದರೆ ಬಂದ ಅಳುವನ್ನು ನುಂಗಿಕೊಂಡು ಕೂರುವುದು ಅವಳಿಗೆ ಎಷ್ಟು ಕಷ್ಟವಾಗಿತ್ತೆಂದು ಅವಳ ಗಂಟಲು ನೋಡಿದವರಿಗೆ ಗೊತ್ತಾಗುತ್ತಿತ್ತು.

ನಮ್ಮ ಕಡೆ ಗಂಡಸು ತಲೆಗೆ ಟೊಪ್ಪಿಗೆಯೋ ರುಮಾಲೋ ಇಲ್ಲದೆ ಮತ್ತೊಬ್ಬರ ಮನೆಗೆ ಬರುವುದಿಲ್ಲ. ಬರಿದಲೆಯಲ್ಲಿ ಬಂದನೆಂದರೆ ಅವನು ಬಾಯಿ ತೆಗೆಯುವುದೇ ಬೇಡ, ಯಾರೋ ಹೋದರೆಂದೇ ಅರ್ಥ. ಮರುದಿನ ಮಧ್ಯಾಹ್ನ ಓಣಿಯ ತುದಿಯಲ್ಲಿ ಅದೇ ಗುಮಾಸ್ತ ಕಾಣಿಸಿಕೊಂಡ. ಓಡಿ ಬರುತ್ತಿದ್ದ. ತಲೆ ಬರಿದಾಗಿತ್ತು.

ಚಿಗವ್ವನ ಕಟ್ಟೆ ಒಡೆಯಿತು. "ಎನ್ನಪ್ಪಾ, ಮುತ್ತಿನಂಥಾ ಮಗನ" ಎಂದು ಅವಳು ಎತ್ತಿದ ಮೊದಲ ಸೊಲ್ಲಿಗೆ ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು. ಗುಮಾಸ್ತ ಬಂದು ನಿಂತ. ಏದುಸಿರು. ಕೈ ಅಲ್ಲಾಡಿಸಿದ, ತಲೆ ಅಲ್ಲಾಡಿಸಿದ. ಅವನು ಅಲ್ಲಾಡಿಸಿದಷ್ಟೂ ಅಳು ಏರಿತು. ಕಡೆಗೆ ಸಾಹೇಬರು ಎದ್ದು ಬಂದು ಅವನ ಎರಡೂ ಭುಜ ಹಿಡಿದು ಕೂಗಿದರು: "ಏನಾತು ಹೇಳಲೇ!"

"ಸಿಕ್ಕಾನ್ರೀ! ಜೀವಂತ ಅದಾನ! ಪೆಟಿಗಿ ಒದರಿದ್ದು ಕೇಳಿ ಎತ್ತಿಕೊಂಡಾರಂತ! ಓಡಿ ಬರೋದ್ರಾಗ ಟೊಪಿಗಿ ಗಾಳಿಗೆ ಹಾರಿ ಹೋತ್ರಿ!"

ಅವ್ವ ಹನುಮಪ್ಪನ ಹೊಸ್ತಿಲಿಗೆ ಹಣೆ ಹಚ್ಚಿದಳು. ಬಹಳ ಹೊತ್ತು ಏಳಲಿಲ್ಲ. ನಾನೂ ಎಬ್ಬಿಸಲಿಲ್ಲ.

ಚಿಗವ್ವ ಮಾತ್ರ ಗುಮಾಸ್ತನ ಮೇಲೆ ಸಿಟ್ಟಾಗಿದ್ದಳು. ಕಣ್ಣು ಮೂಗು ಒರೆಸಿಕೊಳ್ಳುತ್ತ, "ಹಾರಿದ್ರ ಹಿಡಕೊಂಡ ಬರಬಾರದೇನೋ ಮೂಳಾ? ಇಷ್ಟೊತ್ತು ಅತ್ತದ್ದು ವ್ಯರ್ಥ ಆತಲ್ಲೋ!" ಎಂದಳು.

ಅವ್ವ ಹೊಸ್ತಿಲಿನಿಂದ ತಲೆ ಎತ್ತಿದಳು. ಆ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ, ತೊಯ್ದು ಹೊಳೆಯುತ್ತಿತ್ತು. "ವ್ಯರ್ಥ ಯಾಕ ಆಗತೈತಿ ತಂಗೀ? ನನ್ನ ಹೆಸರಿಗೆ ಹಿಡಕೋ. ನಾ ಹೋದಾಗ ಒಂದ ಹಾಡು ಕಮ್ಮಿ ಹಾಡು."

ಇಳಿಯದ ಕೈ

ತಮ್ಮ ಮನೆಗೆ ಬಂದ. ಸೊರಗಿದ್ದ, ಮುಖ ಸುಟ್ಟಿತ್ತು, ಮಾತು ಕಡಿಮೆಯಾಗಿತ್ತು. ಕೈಯಲ್ಲಿ ಅದೇ ಪೆಟ್ಟಿಗೆ. ಬ್ಯಾಟರಿ ಸತ್ತಿದೆ, ಇನ್ನು ಉಪಯೋಗವಿಲ್ಲ, ನೆನಪಿಗೆ ಇಟ್ಟುಕೊ ಎಂದು ಕಂಪನಿಯವರು ಕೊಟ್ಟಿದ್ದರಂತೆ.

ಅವನು ಒಂದೇ ಸಲ, ಗುಡಿಯಲ್ಲಿ ನನ್ನೆದುರು, ನಡೆದದ್ದನ್ನು ಹೇಳಿದ. ಬಿರುಗಾಳಿಗೆ ಹಡಗು ಒಂದು ಮಗ್ಗುಲಿಗೆ ವಾಲಿತು. ಎಲ್ಲರೂ ನೀರಿಗೆ ಧುಮುಕಿದರು. ತೆರೆಗಳು ಒಬ್ಬೊಬ್ಬರನ್ನು ಒಂದೊಂದು ಕಡೆ ಒಯ್ದವು.

"ಪೆಟಿಗಿ ದೀಪ ಮಿಣಿಮಿಣಿ ಅಂತಿತ್ತಣ್ಣಾ. ಒದರತೈತಿ ಅಂತ ಹೇಳಿದ್ರು, ನನಗ ಏನೂ ಕೇಳವಲ್ದು. ಆ ಕಡಿಯಿಂದ ಹೂಂ ಅನ್ನಾವ್ರೂ ಇಲ್ಲ. ಯಾರಿಗರ ಮುಟ್ಟಾಕ ಹತ್ತೇತೋ ಇಲ್ಲೋ, ಹೆಂಗ ತಿಳೀಬೇಕು?"

ನಾನು ಹನುಮಪ್ಪನ ಕಡೆ ನೋಡಿದೆ. ಇಷ್ಟು ವರ್ಷ ನಾನು ಹೇಳಿಕೊಂಡದ್ದಕ್ಕೂ ಆ ಕಡೆಯಿಂದ ಹೂಂ ಎಂಬ ದನಿ ನನ್ನ ಕಿವಿಗೆ ಕೇಳಿಲ್ಲ. ಆದರೂ ಮುಟ್ಟುತ್ತಿದೆ ಎಂದೇ ದೀಪ ಹಚ್ಚುತ್ತೇನೆ. ತಮ್ಮನಿಗೆ ಇದನ್ನು ಹೇಳಲಿಲ್ಲ. ಅವನು ನೀರಿನಲ್ಲಿದ್ದು ಕಲಿತದ್ದನ್ನು ನಾನು ನೆರಳಿನಲ್ಲಿ ಕೂತು ಏನು ಹೇಳಲಿ?

ಏರಿಯಲ್ ಆಕಾಶ ನೋಡುತ್ತಿರಬೇಕು ಎಂದು ಅವರಿಗೆ ಕಲಿಸಿದ್ದರಂತೆ. ತೆರೆ ಹೊಡೆದು ಪೆಟ್ಟಿಗೆ ಮುಳುಗದಿರಲಿ ಎಂದು ಅವನು ಅದನ್ನು ಬಲಗೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದ. ಹನುಮಪ್ಪ ಸಂಜೀವಿನಿ ಗುಡ್ಡ ಹಿಡಿದ ಹಾಗೆ. ಮೊದಲು ಒಂದು ವಿಮಾನ ಬಂದು ಸುತ್ತಿತು. ಆಮೇಲೆ ಯಾವುದೋ ದೇಶದ ಹಡಗು ದಾರಿ ತಿರುಗಿಸಿಕೊಂಡು ಬಂತು. ಅವನನ್ನು ಎತ್ತಿತು, ಉಳಿದವರನ್ನೂ ಹುಡುಕಿ ಎತ್ತಿತು. ದೇವರ ದಯೆ, ಯಾರೂ ಕಡಿಮೆಯಾಗಲಿಲ್ಲ.

"ಮ್ಯಾಲೆ ಎತ್ತಿ ನಿಂದ್ರಿಸಿದ್ರು. ನನ್ನ ಕೈ ಮರಗಟ್ಟಿ ಹೋಗಿತ್ತಣ್ಣಾ, ಇಳೀವಲ್ದು. ಕೈ ಎತ್ತಿಕೊಂಡ ನಿಂತೆ. ಅವ್ರ ಕ್ಯಾಪ್ಟನ್ ನನ್ನ ನೋಡಿದ. ಇವ್ರ ದೇಶದಾಗ ಹಿಂಗ ನಮಸ್ಕಾರ ಮಾಡತಾರ ಅಂತ ತಿಳಕೊಂಡು ಅವನೂ ಕೈ ಎತ್ತಿದ. ಅವ ಎತ್ತಿದ ಅಂತ ಹಡಗಿನ ಮಂದೆಲ್ಲಾ ಎತ್ತಿದ್ರು."

"ಆಮ್ಯಾಲ?"

"ಆಮ್ಯಾಲೇನು? ನಾ ಇಳಸೋತನಕ ಅವ್ರು ಇಳಸವಲ್ರು. ನನಗ ಇಳಸಾಕ ಬರವಲ್ದು!"

ಕಟ್ಟಿಹಾಕಿದ ಗುಡಿ

ಅವ್ವ ಪೆಟ್ಟಿಗೆಯನ್ನು ಒರೆಸಿ ದೇವರ ಜಗಲಿಯ ಮೇಲೆ, ಮನೆದೇವರ ಪಕ್ಕದಲ್ಲಿಟ್ಟಳು. ಮಗನಿಗೆ ಹೇಳಿದಳು: "ಒಮ್ಮೆ ಕೇಳ್ಯಾರ, ಬಂದಾರ. ಅವ್ರ ಋಣ ದೊಡ್ಡದು. ಎರಡನೇ ಸರ್ತೆ ಬರತಾರ ಅಂತ ಯಾರ ಹೇಳಬೇಕು? ಇನ್ನ ಸಮುದ್ರದ ಹೆಸರ ತಗೀಬ್ಯಾಡ."

"ಆತವ್ವಾ." 

ಅವನು ಒಪ್ಪಿಕೊಂಡ. ಎದುರು ಮಾತಾಡಲಿಲ್ಲ. ಆದರೆ ದಸರೆ ಮುಗಿದ ಮೇಲೆ ಹೊಸ ಹಡಗು ಹೊರಡುತ್ತದೆ, ಬರುತ್ತೀಯಾ ಎಂದು ಕಂಪನಿಯಿಂದ ದಲಾಲಿ ಅಂಗಡಿಗೆ ಫೋನು ಬಂದಿತ್ತು. ಆ ದಿನದಿಂದ ಅವನು ಅನ್ನ ಕಲಸುತ್ತ ಕೂರುತ್ತಿದ್ದ, ಉಣ್ಣುತ್ತಿರಲಿಲ್ಲ. ಎಂಜಿನ್ನಿನ ಹತ್ತಿರ ಇದ್ದರೆ ಮಾತ್ರ ಜೀವಂತ ಇರುವ ಮನುಷ್ಯ ಅವನು. "ನೆಲ ಅಳ್ಳಾಡಲಿಲ್ಲಂದ್ರ ನನಗ ನಿದ್ದಿ ಹತ್ತವಲ್ದಣ್ಣಾ," ಎಂದು ಒಮ್ಮೆ ಹೇಳಿದ. ಅವ್ವನ ಮಾತು ದಾಟಿ ಹೋಗುವವನೂ ಅಲ್ಲ.

ಅದೇ ದಿನಗಳಲ್ಲಿ ಲಕ್ಷ್ಮೇಶ್ವರದಲ್ಲಿ ನಮ್ಮವರ ಮದುವೆ ಬಂತು. ಮನಸ್ಸು ಹತ್ತಲಿ ಎಂದು ಪೂಜೆಯನ್ನು ತಮ್ಮನಿಗೆ ಒಪ್ಪಿಸಿ ಹೋದೆ. ಮದುವೆ ಮುಗಿಸಿ ಬಂದು ಗುಡಿಯ ಒಳಗೆ ಕಾಲಿಟ್ಟರೆ ದೀಪದ ಕಂಬ ಹಗ್ಗದಿಂದ ಗೂಟಕ್ಕೆ ಬಿಗಿದಿದೆ. ಆರತಿ ತಟ್ಟೆಗೆ ಹಗ್ಗ. ತೀರ್ಥದ ಗಿಂಡಿಗೆ ಹಗ್ಗ. ಕುಂಕುಮದ ಬಟ್ಟಲಿಗೂ ಒಂದು ಚಂದದ ಗಂಟು. ಗಂಟೆಯ ನಾಲಗೆಯನ್ನಂತೂ ಅರಿವೆಯಲ್ಲಿ ಸುತ್ತಿ ಕಟ್ಟಿಬಿಟ್ಟಿದ್ದ.

"ಹಡಗದಾಗ ಎಲ್ಲಾ ಕಟ್ಟಿ ಇಡಬೇಕಣ್ಣಾ, ಇಲ್ಲಂದ್ರ ಉರುಳತಾವ. ಕೈ ತಾನ ಕಟ್ಟಿಬಿಟ್ಟಿತು," ಎಂದ ತಮ್ಮ, ನಾಚಿಕೊಂಡು.

ಊದುಬತ್ತಿ ಕೊಡಲು ಬಂದಿದ್ದ ಸಾಹೇಬರು ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದರು. "ಹನುಮಪ್ಪನ್ನ ಒಬ್ಬನ್ನ ಬಿಟ್ಟಾನ ನೋಡ್ರಿ, ಪೂಜಾರಪ್ಪಾ. ಅವಗ ಸಮುದ್ರ ದಾಟಿ ರೂಢಿ ಐತಿ ಅಂತ."

ಖಂಡೇಪೂಜೆಯ ಅಭಿಷೇಕ

ದಸರೆ ಬಂತು. ಖಂಡೇಪೂಜೆಯ ದಿನ ನಮ್ಮಲ್ಲಿ ಅನ್ನ ಕೊಡುವ, ಜೀವ ಕಾಯುವ ಎಲ್ಲ ಸಾಮಾನುಗಳಿಗೂ ಪೂಜೆ. ಓಣಿಯಲ್ಲಿ ಮಗ್ಗಗಳಿಗೆ, ನಮ್ಮಲ್ಲಿ ಈಳಿಗೆ, ಅಡಕೊತ್ತು, ನನ್ನ ಸೈಕಲ್ಲಿಗೆ. ತಮ್ಮ ಹಬ್ಬಕ್ಕೆ ಚಿಗವ್ವನನ್ನು ಕರೆತರಲು ಶಿರಹಟ್ಟಿಗೆ ಹೋಗಿದ್ದ. ಅವ್ವ ಜಗಲಿಯಿಂದ ಪೆಟ್ಟಿಗೆಯನ್ನು ಇಳಿಸಿದಳು.

"ಇದ್ಕಿಂತ ದೊಡ್ಡ ಆಯುಧ ನಮ್ಮ ಮನ್ಯಾಗ ಯಾವದೈತಿ?" ಎಂದಳು. ನನಗೂ ಹೌದೆನಿಸಿತು. ತಾಮ್ರದ ಹರಿವಾಣದಲ್ಲಿ ಅದನ್ನಿಟ್ಟು, ಮಂತ್ರ ಹೇಳುತ್ತ, ಕೊಡದ ನೀರಿನಿಂದ ಅಭಿಷೇಕ ಮಾಡಿದೆವು. ಹರಿವಾಣ ತುಂಬಿತು. ಪೆಟ್ಟಿಗೆ ತೇಲಿತು.

ದೀಪ ಮಿಣುಕಿತು.

ಅವ್ವ ಗಲ್ಲ ಗಲ್ಲ ಬಡಿದುಕೊಂಡಳು. "ಕಣ್ಣ ತಗದಾನ! ಮೆಚ್ಯಾನ!" ನಾನು ಆರತಿ ಎತ್ತಿದೆ. ಸುದ್ದಿ ಓಣಿಗೆ ಹರಡಿ, ನೇಕಾರರು ಮಗ್ಗದ ಪೂಜೆ ಬಿಟ್ಟು ದರ್ಶನಕ್ಕೆ ಬಂದರು. ಕಾಯಿ ಒಡೆದರು, ಕುಂಕುಮ ಏರಿಸಿದರು, ದಾಸವಾಳದ ಮಾಲೆ ಹಾಕಿದರು. ಪೆಟ್ಟಿಗೆ ಕಣ್ಣು ಮಿಟುಕಿಸುತ್ತಲೇ ಇತ್ತು.

ಮರುದಿನ ಬನ್ನಿ ಹಬ್ಬ. ಹೊಸ ಬಟ್ಟೆ ಉಟ್ಟು, ಬನ್ನಿ ಎಲೆ ಕೊಟ್ಟು ತೆಗೆದುಕೊಂಡು, ಬಂಗಾರದಂಗ ಇರೋಣ ಎಂದು ಜನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಓಣಿಗೆ ಒಂದು ಜೀಪು ಬಂತು. ಮುಂದೆ ನಮ್ಮ ಊರಿನ ಪೊಲೀಸ್ ಫೌಜದಾರರು. ಹಿಂದೆ ಬೆಂಗಳೂರಿನ ಕಡೆಯ ಇಬ್ಬರು ಅಧಿಕಾರಿಗಳು, ಧೂಳು ಹಿಡಿದ ಮುಖ, ನಿದ್ದೆಯಿಲ್ಲದ ಕಣ್ಣು. ಒಬ್ಬನ ಕೈಯಲ್ಲಿ ದೊಡ್ಡ ಏರಿಯಲ್. ಅದನ್ನು ಮನೆ ಮನೆಯ ಕಡೆ ತಿರುಗಿಸುತ್ತ, ಕಿವಿಗೆ ಹಚ್ಚಿಕೊಂಡ ಯಂತ್ರ ಕೇಳುತ್ತ, ನಮ್ಮ ಗುಡಿಯ ಮುಂದೆ ಇಳಿದರು.

ಹಿರಿಯ ಅಧಿಕಾರಿ ಸುತ್ತ ನೋಡಿದರು. ನೀರು ಕಾಣಲಿಲ್ಲ. ಹೊಸ ಬಟ್ಟೆಯ ಜನ, ಕೈಯಲ್ಲಿ ಎಲೆ.

"ಇಲ್ಲಿ... ಯಾರು ಮುಳುಗ್ತಾ ಇರೋದು?" ಎಂದರು.

ಸಾಹೇಬರು ಮುಂದೆ ಬಂದರು. "ಮುಳಗಾಕ ನಮ್ಮದೇನೂ ತಕರಾರ ಇಲ್ಲರಿ. ಮದ್ಲ ನಳದಾಗ ನೀರ ಬಿಡಸ್ರಿ. ಬಂದು ವಾರದ ಮ್ಯಾಲ ಆತು."

ಫೌಜದಾರರು ಮುಖ ಆ ಕಡೆ ತಿರುಗಿಸಿ ಮೀಸೆ ಒರೆಸಿಕೊಂಡರು. ಅಧಿಕಾರಿ ನಗಲಿಲ್ಲ. ಹಾದುಹೋಗುತ್ತಿದ್ದ ವಿಮಾನದವರು ಆಪತ್ತಿನ ಕೂಗು ಕೇಳಿ ಖಬರು ಕೊಟ್ಟಿದ್ದರಂತೆ. ಆಮೇಲೆ ಉಪಗ್ರಹವೂ ಇದೇ ದಿಕ್ಕು ತೋರಿಸಿತಂತೆ. "ಸಮುದ್ರದಲ್ಲಿ ಇರ್ಬೇಕಾದ್ದು ನೆಲದ ಮೇಲೆ ಕೂಗ್ತಾ ಇದೆ ಅಂದ್ರೆ ವಿಮಾನವೇ ಬಿದ್ದಿರ್ಬೇಕು ಅಂತ ಕಪ್ಪತಗುಡ್ಡ ಎಲ್ಲ ಹತ್ತಿ ಇಳಿದು ಬಂದಿದೀವಿ," ಎಂದರು. ಬೂಟು ಹರಿದಿತ್ತು.

ನಾನು ಕೈ ಮುಗಿದು, ಗುಡಿಗೆ ಹತ್ತಿದ ನಮ್ಮ ಮನೆಯ ಒಳಗೆ ಕರೆದೆ. ಹರಿವಾಣದಲ್ಲಿ ದಾಸವಾಳದ ನಡುವೆ ಪೆಟ್ಟಿಗೆ ಮಿಣುಕುತ್ತಿತ್ತು. ಅಧಿಕಾರಿ ಬಹಳ ಹೊತ್ತು ಅದನ್ನೇ ನೋಡಿದರು. ಬೂಟು ಬಿಚ್ಚಿದರು. ಮಾಲೆ ಸರಿಸಿ, ಕುಂಕುಮ ಕೆರೆದು, ಗುಂಡಿ ಹುಡುಕಿ ಆರಿಸಿದರು.

"ಬ್ಯಾಟರೀಲಿ ಇನ್ನೂ ಸ್ವಲ್ಪ ಜೀವ ಉಳಿದಿತ್ತು ಅನ್ನಿ. ಆದ್ರೆ ಇದು ಸಿಹಿನೀರಿಗೆ ಏಳೋದೇ ಇಲ್ಲ," ಎಂದರು, ತಮ್ಮಷ್ಟಕ್ಕೆ ತಾವೇ. "ಮಳೆಹನಿಗೆಲ್ಲ ಕೂಗಬಾರದು ಅಂತ, ಉಪ್ಪುನೀರು ತಾಗಿದರೆ ಮಾತ್ರ ಏಳೋ ಹಾಗೆ ಮಾಡಿರ್ತಾರೆ. ನೀವೇನು ಉಪ್ಪು ಹಾಕಿದ್ರಾ?"

"ಅಭಿಷೇಕಕ್ಕ ಯಾರ ಉಪ್ಪು ಹಾಕತಾರ್ರಿ? ಬೋರಿನ ನೀರು, ಅಷ್ಟ."

ಅಷ್ಟರಲ್ಲಿ ನನ್ನ ಮನೆಯಾಕೆ, ದಣಿದು ಬಂದವರೆಂದು, ಬೆಲ್ಲ ಮತ್ತು ಅದೇ ಕೊಡದ ನೀರನ್ನು ತಂಬಿಗೆಯಲ್ಲಿ ತಂದಿಟ್ಟಳು. ಅಧಿಕಾರಿ ತಂಬಿಗೆ ಎತ್ತಿ ಒಂದು ಗುಟುಕು ಕುಡಿದರು. ಬಾಯಲ್ಲೇ ಹಿಡಿದುಕೊಂಡು ನಿಂತರು. ಕಷ್ಟಪಟ್ಟು ನುಂಗಿದರು. ಜೊತೆಯವನ ಕಡೆ ತಿರುಗಿ,

"ಪೆಟ್ಟಿಗೇದೇನೂ ತಪ್ಪಿಲ್ಲ ಬಿಡಪ್ಪ," ಎಂದರು.

ಆಗಲೇ ತಮ್ಮ ಚಿಗವ್ವನೊಡನೆ ಬಸ್ಸಿಳಿದು ಬಂದ. ಜೀಪು, ಗುಂಪು ನೋಡಿ ಅವನಿಗೆ ಅರ್ಥವಾಗಿಹೋಯಿತು. ತಲೆ ತಗ್ಗಿಸಿ ನಿಂತ. ಇಂಥದನ್ನು ಮನೆಯಲ್ಲಿಟ್ಟುಕೊಳ್ಳಬಾರದು, ಇದನ್ನು ಹುಡುಕುತ್ತಿರುವಾಗ ನಿಜವಾಗಿ ಮುಳುಗುವವನೊಬ್ಬ ಕೂಗಿದ್ದರೆ ಏನು ಗತಿ ಎಂದು ಅಧಿಕಾರಿ ಅವನಿಗೂ ನನಗೂ ಹೇಳಿದರು. ಮಾತು ಮೆತ್ತಗಿತ್ತು, ಅದಕ್ಕೇ ಚುಚ್ಚಿತು. ಪೆಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ತಮ್ಮ ಚೀಲದಲ್ಲಿಟ್ಟುಕೊಂಡರು.

ಇಷ್ಟು ಹೊತ್ತೂ ಅವ್ವ ಬಾಗಿಲ ಬಳಿ ನಿಂತಿದ್ದಳು. ಈಗ ಮುಂದೆ ಬಂದಳು.

"ಯಾರ ಒದರಾಕ ಹತ್ಯಾರ ಅಂತ ನಿಮಗ ಗೊತ್ತಿತ್ತೇನ್ರಿ?"

"ಇಲ್ಲಮ್ಮ."

"ನಿಮ್ಮ ಬಳಗದಾವ್ರು ಯಾರರ ಇದ್ದಾರು ಅಂತ ಬಂದ್ರ್ಯಾ?"

"ಇಲ್ಲಮ್ಮ. ಯಾರಾದ್ರೂ ಸರಿ. ಕೂಗಿದ್ರೆ ಹೋಗ್ಬೇಕು."

"ಹಬ್ಬ ಬಿಟ್ಟ ಬಂದ್ರ್ಯಾ?"

ಅಧಿಕಾರಿ ಬಾಗಿಲಾಚೆ ಬಿಚ್ಚಿಟ್ಟ ಹರಿದ ಬೂಟಿನ ಕಡೆ ನೋಡಿದರು. ಅವ್ವ ಅವರ ಕೈಯಲ್ಲಿ ಬನ್ನಿ ಎಲೆಯಿಟ್ಟು, ಆ ಕೈಯನ್ನು ತನ್ನ ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡಳು. ಎಷ್ಟೋ ತಿಂಗಳಿಂದ ಅವಳ ಎದೆಯ ಮೇಲಿದ್ದದ್ದು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅವಳು ಮಗನ ಕಡೆ ತಿರುಗಿದಳು.

"ಯಾಕ ನಿಂತೀಯೋ ಮಗನ? ಅರಿವಿ ಕಟ್ಟಿಕೋ ನಡಿ. ಬೊಂಬಾಯಿ ಗಾಡಿ ತಪ್ಪತೈತಿ. ಕುಡಿಯಾಕ ಹನಿ ನೀರಿಲ್ಲದ ಬೆಟಗೇರಿಗೇ ಮುಳುಗಿದಾವ್ರನ್ನ ಹುಡಕ್ಕೋತ ಬರೋ ಮಂದಿ, ಸಮುದ್ರದಾಗ ನಿನ್ನ ಬಿಡತಾರೇನು?"